ಹೆಣ ಹೊತ್ತವರ ನಡಿಗೆ

ವಾದ್ಯವೃಂದದ ನಿರ್ದೇಶಕರಿಗೆ,

ಅಪ್ಪನ ನೆನಪಿಗೆ ಅದೇ ಶೋಕಗೀತೆ ನುಡಿಸುತ್ತೀರೆಂದು ತಿಳಿಯಿತು. ತಾಲೀಮಿನಲ್ಲಿ ನೀವು ನಿರ್ದೇಶನದ ಕೋಲು ಬೀಸಿ ಅದರ ವೇಗ ಹೆಚ್ಚಿಸಿದಾಗ ಅಪ್ಪ ಪಿಟೀಲು ಕೆಳಗಿಟ್ಟು, "ಇದು ಹೆಣ ಹೊತ್ತವರ ನಡಿಗೆ ಸ್ವಾಮಿ, ಬಸ್ಸು ಹಿಡಿಯೋರ ಓಟ ಅಲ್ಲ" ಎಂದಿದ್ದರು. "ಕೋಲು ನನ್ನ ಕೈಲಿದೆ, ಬಾಗಿಲು ಅಲ್ಲಿದೆ" ಎಂದಿರಿ ನೀವು. ಊರೇ ಉಸಿರು ಬಿಗಿಹಿಡಿದು ಕೇಳುತ್ತಿದ್ದ ಅಪ್ಪನ ಕೈ ಮತ್ತೆ ಪಿಟೀಲಿನ ಪೆಟ್ಟಿಗೆ ತೆರೆಯಲೇ ಇಲ್ಲ.

ನಿಮ್ಮ ಹೊಗಳಿಕೆಯ ಭಾಷಣ ಬೇಡ. ಕಾರ್ಯಕ್ರಮದ ದಿನ ಮಾತ್ರ ಕೋಲನ್ನು ಮನೆಯಲ್ಲೇ ಬಿಟ್ಟು ಬಂದು ನಮ್ಮ ಜೊತೆ ಕೆಳಗೆ ಕೂತುಕೊಳ್ಳಿ. ವಾದಕರೆಲ್ಲ ಅಪ್ಪನ ಉಸಿರು ನೋಡಿ ಕಮಾನು ಎತ್ತುತ್ತಿದ್ದವರು, ತಾವಾಗಿಯೇ ನುಡಿಸುತ್ತಾರೆ.

ವೇಗದ ಬಗ್ಗೆ ಇನ್ನೂ ಅನುಮಾನವಿದ್ದರೆ ನನ್ನನ್ನು ಕೇಳಿ. ಮೊನ್ನೆ ಅಪ್ಪನ ಹೆಣಕ್ಕೆ ನಾನೂ ಹೆಗಲು ಕೊಟ್ಟೆ. ಬೇಗ ನಡೆಯೋಕೆ ಆಗೋದಿಲ್ಲ ಸ್ವಾಮಿ.

ಇತಿ,
ನಿಮ್ಮ ಮೊದಲ ಪಿಟೀಲಿನವರ ಮಗಳು