ಕೆಂಪು ಗೆರೆಯ ಬೋಲ್ಟುಗಳು

ಟೆಸ್ಸಾ,

ನಿನ್ನ ಬೈಕು ಸ್ಟಾರ್ಟ್ ಆಯಿತು. ಸೈಡ್ ಸ್ಟಾಂಡ್ ಇಳಿದಿದ್ದರೆ ಅದು ಸ್ಟಾರ್ಟೇ ಆಗುವುದಿಲ್ಲವಂತೆ; ನಾವು ಮೂರು ಸಂಜೆ ಕಾರ್ಬುರೇಟರ್ ಬಿಚ್ಚಿ ಜೋಡಿಸಿದ್ದು ದಂಡ.

ಬೈಕಿನ ಬಿಡಿಭಾಗಗಳು ಬಂದ ಪೆಟ್ಟಿಗೆ ಬಿಚ್ಚಿದ ದಿನ ವೆಂಡೆಲ್ ಮಾಮ, "ಈ ಆಟದ ಸಾಮಾನು ಗೇಟೂ ದಾಟಲ್ಲ ಕಣೇ" ಅಂದಿದ್ದನಲ್ಲ, ಅವನ ಮನೆ ಮುಂದೆಯೇ ಎರಡು ಸುತ್ತು ಹೊಡೆದೆ. ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿ ನೋಡಿದ.

ಆಯಿಲ್ ಬದಲಿಸಿದ್ದೇನೆ. ಬೋಲ್ಟುಗಳನ್ನೆಲ್ಲ ಬಿಗಿ ಮಾಡಿ, ಒಂದೊಂದರ ಮೇಲಿಂದ ಚೌಕಟ್ಟಿನವರೆಗೂ ಕೆಂಪು ಗೆರೆ ಎಳೆದಿದ್ದೇನೆ. ಗೆರೆ ಪಕ್ಕಕ್ಕೆ ಸರಿದಿದ್ದರೆ ಬೋಲ್ಟು ಸಡಿಲವಾಗಿದೆ ಎಂದು ತಿಳಿ. ದಿನಾ ನೋಡಿಯೇ ಹೊರಡು. ನಿನ್ನ ಉಗುರುಬಣ್ಣ ಖಾಲಿ, ಬೈಯಬೇಡ.

"ಬೆಳಗಿನ ಜಾವ ಬಸ್ಸಿಲ್ಲ, ಕೆಲಸ ಬೇಡ" ಎಂದು ನೀನು ಬೇಕರಿಗೆ ಫೋನ್ ಮಾಡುವ ಮಾತೇ ಇನ್ನಿಲ್ಲ. ಹನ್ನೊಂದು ಮೈಲಿ, ನಾಲ್ಕೂವರೆಗೆ ಹೊರಡು.

ಮಾಮನ ಮನೆ ಮುಂದೆ ಒಮ್ಮೆ ಹಾರ್ನ್ ಹೊಡಿ. ಮಲಗಿರುತ್ತಾನೆ, ಪರವಾಗಿಲ್ಲ.

ಅಮ್ಮ