ಮಾವನವರ ರೇಜರ್ ಬಾಯಿ ಬಿಟ್ಟಿತು

ಚೆಟ್ಟಳ್ಳಿ
೧೧-೨-೨೦೨೪, ಭಾನುವಾರ

ಚಂದನಾಳ ಅಪ್ಪನಿಗೆ ಸುಲೋಚನಾಳ ನಮಸ್ಕಾರಗಳು.

ಆಪರೇಷನ್ ಆದ ಕಣ್ಣು ಹೇಗಿದೆ? ಹೊತ್ತುಹೊತ್ತಿಗೆ ಡ್ರಾಪ್ಸ್ ಹಾಕಿಸಿಕೊಳ್ಳುತ್ತಿದ್ದೀರಾ, ಇಲ್ಲ ಮಗಳ ಹತ್ತಿರವೂ ಹಟವೇ? ಡಾಕ್ಟರು ಇನ್ನೂ ಓದಬೇಡಿ ಅಂದಿದ್ದಾರಂತೆ, ಇದನ್ನು ಚಂದನಾ ಓದಿ ಹೇಳಲಿ. ಮೈಸೂರಿನ ಸೆಖೆಯಲ್ಲಿ ಆ ಗಡ್ಡ ಕೆರೆಯುತ್ತಿರಬೇಕು, ಅನುಭವಿಸಿ. ಇಲ್ಲಿ ರೊಬಸ್ಟಾ ಕುಯ್ಲು ಮುಗಿಯುತ್ತಾ ಬಂತು, ಕಣದ ತುಂಬ ಕಾಫಿ. ನಾನು ಸೌಖ್ಯ. ಸೌಖ್ಯವೇನು ಬಂತು, ನಿನ್ನೆಯಿಂದ ನನ್ನ ಕಾಲು ನೆಲದ ಮೇಲೇ ಇಲ್ಲ.

ಫೋನಿನಲ್ಲಿ ಹೇಳಿದರೆ ಅರ್ಧದಲ್ಲೇ ಕೂಗಾಡುತ್ತೀರೆಂದು ಕಾಗದ ಬರೆಯುತ್ತಿದ್ದೇನೆ. ಮಾವನವರ ರೇಜರನ್ನು ನಾನು ಮುಟ್ಟಿದೆ. ಮುಟ್ಟಿದ್ದೇನು, ಗೆದ್ದೆ! ದೀಪಾವಳಿಯಲ್ಲಿ ಅದು ಬಿಗಿದುಕೊಂಡಿತೆಂದು ನೀವು ಗಡ್ಡ ಬಿಟ್ಟಿರಿ. "ಅಪ್ಪನ ರೇಜರ್ ಬಿಟ್ಟು ಬೇರೇದು ನನ್ನ ಮುಖಕ್ಕೆ ತಾಗಕೂಡ್ದು" ಎಂದು ಸಲೂನಿಗೂ ಹೋಗಲಿಲ್ಲ, ಮಗ ಪ್ರಸಾದ ತಂದುಕೊಟ್ಟ ಹೊಸದನ್ನೂ ಮುಟ್ಟಲಿಲ್ಲ. ಅದೇ ನೆಪದಲ್ಲಿ ಅವನ ನಿಶ್ಚಿತಾರ್ಥಕ್ಕೂ ಬರಲಿಲ್ಲ. ಮುಂದಿನ ತಿಂಗಳ ಮದುವೆಗೂ "ಈ ಮುಖ ಹೊತ್ಕೊಂಡು ಮಂಟಪಕ್ಕೆ ಬರಲ್ಲ ಕಣೇ" ಎಂದರೆ ಬೀಗರ ಮುಂದೆ ನಾನೊಬ್ಬಳೇ ನಿಲ್ಲಬೇಕೇ? ನಿಮ್ಮ ಬಸ್ಸು ತಿರುವು ದಾಟುತ್ತಿದ್ದಂತೆ ರೇಜರನ್ನು ನನ್ನ ಹೊಲಿಗೆ ಮೆಷಿನ್ನಿನ ಮೇಲೆ ತಂದಿಟ್ಟೆ.

ಹಿಡಿಯ ಬುಡದ ತಿರುಪು ತಿರುಗಿದರೆ ತಾನೇ ಮೇಲಿನ ಎರಡು ರೆಕ್ಕೆ ತೆರೆದು ಬ್ಲೇಡಿಗೆ ಜಾಗ ಬಿಡುವುದು? ಅದು ಜಪ್ಪಯ್ಯ ಅಂದರೂ ಅಲ್ಲಾಡದು. ಸಂದಿಯಲ್ಲೆಲ್ಲ ಹಸಿರು ಕಿಲುಬು. ಪಕ್ಕದ ಪೂವಯ್ಯನವರ ಮನೆಯಿಂದ ವರ್ಷವರ್ಷವೂ ಪ್ರೀತಿಯಿಂದ ಕಾಚಂಪುಳಿ ಬರುತ್ತದಲ್ಲ, ಅವರು ಹಂದಿ ಕರಿಗೆ ಹಾಕುವ ಆ ಕಪ್ಪು ಹುಳಿಗೆ ನಮ್ಮ ಸೊಪ್ಪುಸಾರಿನ ಮನೆಯಲ್ಲಿ ಏನು ಕೆಲಸ? ನಿನ್ನೆ ಆ ಬಾಟಲಿ ಇಳಿಸಿ, ಬಟ್ಟೆ ಅದ್ದಿ ಒರೆಸಿದೆ. ಕಿಲುಬು ಓಡಿತು, ಜೊತೆಗೆ ಒಂದು ರೆಕ್ಕೆಯ ಹೊಳಪೂ ಹೋಗಿ ಹಿತ್ತಾಳೆ ಇಣುಕಿತು. ಕೂಡಲೇ ತೊಳೆದು, ಬಿಸಿನೀರಿನಲ್ಲಿ ನೆನೆಹಾಕಿ, ಹಳೇ ಬ್ರಷ್ಷಿನಲ್ಲಿ ತಿಕ್ಕಿದೆ. ಕಲ್ಲಾಗಿದ್ದ ಸೋಪು ಪುಡಿಪುಡಿಯಾಗಿ ಬಂತು. ಆಮೇಲೆ ತಿರುಪಿಗೆ ಒಂದು ಹನಿ ಮೆಷಿನ್ ಎಣ್ಣೆ. "ರವಿಕೆ ಹೊಲಿಯೋರ ಎಣ್ಣೆ ಇದಕ್ಕೆ ಆಗಲ್ಲ" ಅಂದವರು ಯಾರು? ಕರಕ್ ಎಂದಿತು, ತಿರುಗಿತು, ಎರಡೂ ರೆಕ್ಕೆ ತೆರೆದವು! ಒಬ್ಬಳೇ ಕೂತು ಚಪ್ಪಾಳೆ ತಟ್ಟಿದೆ.

ಇವತ್ತು ಬೆಳಿಗ್ಗೆ ನನ್ನ ತಮ್ಮ ಕೀರ್ತಿಕುಮಾರನ ಗಡ್ಡ ಅದರಲ್ಲೇ ಆಯಿತು. ಒಂದು ಗೀರಿಲ್ಲ, ಒಂದು ಹನಿ ರಕ್ತವಿಲ್ಲ. ಕೆನ್ನೆ ಸವರಿಕೊಂಡು "ಭಾವಂಗೆ ಇನ್ಯಾವ ನೆಪಾನೂ ಉಳೀಲಿಲ್ಲ ಬುಡಕ್ಕ" ಎಂದ. ಆ ಹಿತ್ತಾಳೆಯ ಕಲೆ ನೋಡಿ ಬೈಯುವುದಾದರೆ ಮದುವೆ ಕಳೆದ ಮೇಲೆ ಬೈಯಿರಿ.

ಚಂದನಾಗೂ ಅಳಿಯಂದಿರಿಗೂ ನನ್ನ ಆಶೀರ್ವಾದ. ನಿಮ್ಮ ಕಣ್ಣು ಬೇಗ ತಿಳಿಯಾಗಲಿ.

ಗೆದ್ದ ಜಂಬದಲ್ಲಿರುವ,
ಸುಲೋಚನಾ

ಮರೆತಿದ್ದೆ: ಚಂದನಾ, ಇಲ್ಲಿಂದ ಮುಂದೆ ನೀನು ಓದಬೇಡ. ಕಾಗದ ಮಡಚಿ ಅಪ್ಪನ ಜೇಬಿಗೆ ಹಾಕು, ಡಾಕ್ಟರು ಹೂಂ ಅಂದ ಮೇಲೆ ಅವರೇ ಓದಿಕೊಳ್ಳಲಿ.

ರೀ, ರೇಜರ್ ಬಿಗಿದಿದ್ದು ನಿಜ. ಆದರೆ ಅದಕ್ಕೂ ಮೊದಲೇ ನಿಮ್ಮ ಕಿವಿಯ ಕೆಳಗೆ ಗಾಯಗಳಾಗುತ್ತಿದ್ದವು, ಕಾಫಿ ಲೋಟ ಹಿಡಿಯಲು ಎರಡೂ ಕೈ ಬೇಕಾಗಿತ್ತು. ನಡುಗುವ ಕೈಯನ್ನು ನನ್ನಿಂದಲೂ ಯಾಕೆ ಬಚ್ಚಿಟ್ಟಿರಿ? ಅದನ್ನೂ ಡಾಕ್ಟರಿಗೆ ತೋರಿಸೋಣ. ಊರಿಗೆ ತಿಳಿಯುವುದು ಬೇಡವೆಂದರೆ ಬೇಡ. ಇವತ್ತು ಕೀರ್ತಿಯ ಗಡ್ಡ ತೆಗೆದದ್ದು ಕೀರ್ತಿಯಲ್ಲ, ನಾನು. ಮದುವೆಯ ದಿನ ಬೆಳಿಗ್ಗೆ ಬಚ್ಚಲ ಬಾಗಿಲು ಹಾಕಿಕೊಳ್ಳೋಣ. ನೀವು ಮುಖ ಎತ್ತಿ ಕೂತರೆ ಸಾಕು.