ನಗುವ ಹುಲಿಯ ಮುಂದೆ ಬಸ್ಸು ನಿಲ್ಲಿಸಿದ್ದು ಅಪರಾಧವೇ?

ನೆರೆದ ಮಹಾಜನಗಳೇ! ಚಾಪೆ ಹಾಸಿ ಕುಳಿತ ತಾಯಂದಿರೇ, ಹುಣಸೆಮರ ಹತ್ತಿ ಕುಳಿತ ಪುಣ್ಯಾತ್ಮರೇ, ಪೀಣ್ಯದ ಪಾಳಿ ಮುಗಿಸಿ ಊಟದ ಡಬ್ಬಿ ಸಮೇತ ಬಂದ ಬಂಧುಗಳೇ! ಸದ್ದು! ಈ ಪತ್ರವನ್ನು ನಿಮ್ಮೆಲ್ಲರ ಎದುರಿಗೇ ಓದುತ್ತೇನೆ. ಏಕೆಂದರೆ ಇದು ಯಾರಿಗೆ ಸೇರಬೇಕೋ ಆ ಮಹನೀಯರು ನಾಲ್ಕು ಜನ ನೋಡದ ಹೊರತು ಏನನ್ನೂ ಓದುವುದಿಲ್ಲವಂತೆ.

ನಗರದರ್ಶನ ಬಸ್ಸುಗಳ ಮೇಲಧಿಕಾರಿಗಳೇ, ಮಾನ್ಯರೇ! ತಾವು ಚಾಲಕ ಚಿನ್ನಪ್ಪನನ್ನು ಅಮಾನತು ಮಾಡಿದ್ದೀರಿ. ಕಾರಣ? ‘ನೋಡತಕ್ಕದ್ದೇನೂ ಇಲ್ಲದ ಸ್ಥಳದಲ್ಲಿ ಬಸ್ಸು ನಿಲ್ಲಿಸಿ ಕಾಲಹರಣ ಮಾಡಿದ್ದು.’ ಆ ಸ್ಥಳ ಲಗ್ಗೆರೆಯ ಮಗ್ಗುಲಲ್ಲಿರುವ ನಮ್ಮೂರು. ಒಂದೇ ವಾಕ್ಯದಲ್ಲಿ ಒಬ್ಬನ ಅನ್ನವನ್ನೂ ಒಂದು ಊರಿನ ಮಾನವನ್ನೂ ತೆಗೆದಿರಿ. ಆಹಾ, ಎಂಥ ಮಿತವ್ಯಯ!

ನೋಡತಕ್ಕದ್ದೇನೂ ಇಲ್ಲವೇ? ತಾವು ಬಂದು ನೋಡಿದಿರಾ? ಲೇತ್ ಶೆಡ್ಡಿನ ಗೋಡೆಗೂ ಅಂಜಿನಮ್ಮನ ಹುಲ್ಲಿನ ಬಣವೆಗೂ ನಡುವೆ ನಮ್ಮ ವೀರಗಲ್ಲು ನಿಂತಿದೆ. ಯಾವ ಅರಸರ ಕಾಲದ್ದೋ ಯಾರಿಗೂ ತಿಳಿಯದು. ವೀರನೊಬ್ಬ ಹುಲಿಯ ಎದೆಗೆ ಕಠಾರಿ ಇಳಿಸುತ್ತಿದ್ದಾನೆ. ಹುಲಿಯೋ, ನಗುತ್ತಿದೆ! ಮದುವೆಮನೆಯಲ್ಲಿ ಎರಡನೆಯ ಸಲ ಹೋಳಿಗೆ ಹಾಕಿಸಿಕೊಂಡ ಬೀಗರ ಹಾಗೆ ಹಲ್ಲು ಕಿರಿದು ನಗುತ್ತಿದೆ! ಕೆತ್ತಿದವನು ಹುಲಿಯನ್ನೇ ಕಂಡಿರಲಿಲ್ಲ ಎನ್ನುವವರುಂಟು. ಅಂಥ ವೀರನ ಕೈಯಲ್ಲಿ ಸಾಯುವುದೇ ಹುಲಿಗೆ ಖುಷಿಯಾಗಿತ್ತು ಎನ್ನುವವರೂ ಉಂಟು. ಬೆಚ್ಚಿಬಿದ್ದ ಕೂಸುಗಳನ್ನು ಸುತ್ತಿನ ಹಳ್ಳಿಗಳವರು ತಂದು ಅದರ ಹಲ್ಲು ಮುಟ್ಟಿಸಿಕೊಂಡು ಹೋಗುತ್ತಾರೆ. ತಮ್ಮ ಪಟ್ಟಿಯ ಗಾಜಿನ ಮನೆ, ದೊಡ್ಡ ಬಸವಣ್ಣ, ಕೋಟೆ ಎಲ್ಲಕ್ಕೂ ನನ್ನ ಸಾಷ್ಟಾಂಗ. ಆದರೆ ಅವುಗಳಲ್ಲಿ ಒಂದಾದರೂ ಬಂದವರನ್ನು ನೋಡಿ ನಕ್ಕಿದೆಯೇ?

ಆ ದಿನ ನಡೆದದ್ದು ಇಷ್ಟು. ಶಿವಗಂಗೆಯಿಂದ ಮರಳುತ್ತಿದ್ದ ತಮ್ಮ ಬಸ್ಸು ಹೆದ್ದಾರಿಯಲ್ಲಿ ಬುಸ್ಸೆಂದು ಆವಿ ಉಗುಳಿತು. ಎಂಜಿನ್ನಿಗೆ ನೀರು ಹುಡುಕಿಕೊಂಡು ಚಿನ್ನಪ್ಪ ನಮ್ಮ ಬಾವಿಯ ಬಳಿ ತಂದು ನಿಲ್ಲಿಸಿದ. ಇಳಿದ ಪ್ರಯಾಣಿಕರ ಮುಖ ಹರಳೆಣ್ಣೆ ಕುಡಿದಂತಿತ್ತು. ನಾನು ವೀರಗಲ್ಲಿನ ಮುಂದೆ ನಾಟಕದ ತಾಲೀಮಿನಲ್ಲಿದ್ದೆ, ಮೀಸೆ ಅಂಟಿಸಿಕೊಂಡು.

“ಅಣ್ಣೋ, ಎಂಜಿನ್ ತಣ್ಗಾಗೋವರ್ಗೂ ಇವ್ರನ್ನ ಎಂಗಾದ್ರೂ ನಗ್ಸಣ್ಣ! ನನ್ನ ತಿಂದಾಕ್ಬಿಡ್ತಾರೆ!” ಎಂದ ಚಿನ್ನಪ್ಪ.

“ತಿನ್ನೋ ಹುಲೀನೇ ತೋರಿಸ್ತೀನಿ, ಸರಿ ಅತ್ಲಾಗೆ!” ಎಂದೆ.

ಆಗಷ್ಟೇ ಕಾರ್ಖಾನೆಯಿಂದ ಬಂದಿದ್ದ ಚಿಕ್ಕಮುನಿಯಪ್ಪ ಖಾಕಿ ಅಂಗಿಯಲ್ಲೇ ಹುಲಿಯಾದ. ನಾನು ವೀರನಾದೆ. ಗರ್ಜನೆಗೆ ಅಂಜಿನಮ್ಮನ ಎಮ್ಮೆ ಗೂಟ ಕಿತ್ತುಕೊಂಡು ಓಡಿತು. ಹುಲಿಯೂ ಸತ್ತಿತು, ನಾನೂ ಸತ್ತೆ. “ಒನ್ಸ್ ಮೋರ್!” ಎಂಬ ಕೂಗು ಎದ್ದಿತು. ರಂಗಭೂಮಿಯ ಕಾನೂನು ತಮಗೆ ಗೊತ್ತಿರಲಿಕ್ಕಿಲ್ಲ, ಮಾನ್ಯರೇ: ಆ ಕೂಗು ಕೇಳಿದ ಮೇಲೆ ಹೆಣಕ್ಕೂ ಮಲಗುವ ಹಕ್ಕಿಲ್ಲ! ಎದ್ದೆ. ಹೋರಾಡಿದೆ. ಮತ್ತೆ ಸತ್ತೆ.

ಚಿನ್ನಪ್ಪ ಹಾರನ್ ಒತ್ತಿದ. “ಅತ್ತೀ ಸಾರ್, ಅತ್ತೀ ಅಮ್ಮಾ, ಟೈಮಾಯ್ತು!”

ಹುಬ್ಬಳ್ಳಿಯಿಂದ ಬಂದಿದ್ದ ಅಜ್ಜಿಯೊಬ್ಬರು ತಿರುಗಿಯೂ ನೋಡಲಿಲ್ಲ. “ತಡಿಯೋ ತಮ್ಮಾ, ಅವ ಸಾಯೂದು ಇನ್ನೊಮ್ಮೆ ನೋಡ್ತೇನಿ. ಅರಮನಿ ಏನ್ ಓಡಿಹೋಗ್ತೈತೇನು?”

ಹುಲಿ ನೆಲದಿಂದಲೇ ಪಿಸುಗುಟ್ಟಿತು: “ಮಂಡಿ ಕಿತ್ತೋಯ್ತು ಕಣಣ್ಣ. ಈ ಸಲ ಬಿರ್ರನೆ ಸಾಯ್ಸ್ಬಿಡು!”

ನಗುತ್ತ ಬಸ್ಸು ಹತ್ತಿದವರಲ್ಲಿ ತಮಗೆ ದೂರು ಕೊಟ್ಟವರು ಯಾರು? ಒಬ್ಬರೂ ಇಲ್ಲ. ಅಂದು ತಪ್ಪಿಹೋದ ಐತಿಹಾಸಿಕ ತಾಣ ಯಾವುದು? ಗಂಧದ ಆನೆ ಮಾರುವ ಅಂಗಡಿ! ಬಸ್ಸು ತಲುಪುವಷ್ಟರಲ್ಲಿ ಅದರ ಬಾಗಿಲು ಹಾಕಿತ್ತು. ದೂರು ಬಂದದ್ದೂ ಅಲ್ಲಿಂದಲೇ ಎಂದು ಚಿನ್ನಪ್ಪ ಹೇಳುತ್ತಾನೆ. ಹಾಗಾದರೆ ಜನ ಊರು ನೋಡಲು ಬರುತ್ತಾರೋ, ಆನೆ ಕೊಳ್ಳಲು ಬರುತ್ತಾರೋ? ಅದನ್ನಾದರೂ ಟಿಕೆಟ್ಟಿನ ಮೇಲೆ ಅಚ್ಚು ಹಾಕಿಸಿ.

ಚಿನ್ನಪ್ಪ ನಿನ್ನೆ ಬಂದಿದ್ದ. ಸಮವಸ್ತ್ರವನ್ನು ಕಳಚಿ ಚೀಲದಲ್ಲಿ ಮಡಿಸಿಟ್ಟಿದ್ದ; ಅದಿಲ್ಲದೆ ನನಗೆ ಗುರುತೇ ಸಿಗಲಿಲ್ಲ. “ಮನೇಲಿನ್ನೂ ಯೋಳಿಲ್ಲಣ್ಣ. ಬೆಳಗ್ಗೆ ಡಬ್ಬಿ ಕಟ್ಟಿಸ್ಕಂಡು ಒಂಟೋಯ್ತೀನಿ, ವರ್ತೂರು ಕೆರೆ ಏರಿ ಮ್ಯಾಲೆ ಕುಂತು ಉಂಡ್ಕಂಡು ಬತ್ತೀನಿ” ಎಂದ. ನಾಲ್ಕು ಮೈಲಿಗೆ ಕೇಳುವ ಗಂಟಲು ನನ್ನದು, ಮಾನ್ಯರೇ. ಅದನ್ನು ಬದಿಗಿಟ್ಟು, ಅವನು ಹೋದದ್ದೇ ಲೇಖನಿ ಹಿಡಿದು ಈ ಪತ್ರ ಬರೆದೆ.

ಆದ್ದರಿಂದ ಕೇಳಿ! ಅಮಾನತಿನ ಆಜ್ಞೆಯನ್ನು ಇಂದೇ ಹರಿದುಹಾಕಿ, ಚಿನ್ನಪ್ಪನ ಕೈಗೆ ಅದೇ ಬಸ್ಸನ್ನು ಕೊಡಿ. ನಮ್ಮ ಹುಲಿಯನ್ನು ಪಟ್ಟಿಗೆ ಸೇರಿಸಿ. ಇಲ್ಲದಿದ್ದರೆ, ಮಹಾಜನಗಳೇ, ನೀವೇ ಸಾಕ್ಷಿ! ನಾಳೆ ಬೆಳಿಗ್ಗೆ ಸೊಣ್ಣಪ್ಪನ ಟ್ರ್ಯಾಕ್ಟರಿಗೆ ಮಾವಿನ ಸೊಪ್ಪು ಕಟ್ಟಿ, ಊರನ್ನೆಲ್ಲ ತುಂಬಿಕೊಂಡು, ತಮ್ಮ ಕಚೇರಿಯ ದರ್ಶನಕ್ಕೆ ಬರುತ್ತೇನೆ. ಓಡಿಸುವವನು ಚಿನ್ನಪ್ಪ, ವಿವರಿಸುವವನು ನಾನು: “ಎಡಕ್ಕೆ ನೋಡಿ ತಾಯಂದಿರೇ, ಧೂಳು ಹಿಡಿದ ಪುರಾತನ ಕಡತಗಳು! ಬಲಕ್ಕೆ ನೋಡಿ, ತಿರುಗದಿರುವ ಫ್ಯಾನು! ಎದುರಿಗೆ ನೋಡಿ, ಸಾಹೇಬರು, ದಯವಿಟ್ಟು ಮುಟ್ಟಬೇಡಿ!” ತಾವು ಆ ಹೊತ್ತಿಗೆ ಕುರ್ಚಿಯಲ್ಲೇ ಇರಬೇಕಾಗಿ ವಿನಂತಿ. ನಾವು ಬುತ್ತಿ ಕಟ್ಟಿಕೊಂಡೇ ಬರುತ್ತೇವೆ. ಚಿನ್ನಪ್ಪನ ಕೈಗೆ ಹೊಸ ಆಜ್ಞೆ ಬರುವವರೆಗೆ ದರ್ಶನ ಮುಗಿಯುವುದಿಲ್ಲ.

ಇಂತಿ,
ನನ್ನ ಚಪ್ಪಾಳೆಯ ಆಸೆಯೇ ಒಬ್ಬನ ತುತ್ತಿಗೆ ಕುತ್ತಾಯಿತಲ್ಲ ಎಂದು ನಿದ್ದೆಗೆಟ್ಟಿರುವ
ನಟ ನರಸಿಂಹಯ್ಯ
೧೯೮೨